ಹಬ್ಬದೂಟವೂ ಮೈಗೊಗ್ಗದ ತಿನಿಸೂ

ಎರಡು ವರ್ಷದ ಕೆಳಗೆ ಸಂಕ್ರಾಂತಿಯ ದಿವಸ ತಳಕಿನ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯಿಂದ ಈ ಮಾತನ್ನು ಪ್ರಾರಂಭಿಸಬೇಕಾಗಿದೆ. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗಳು ಹಬ್ಬಕ್ಕೆಂದು ಬಂದಿದ್ದಳು. ಜೊತೆಯಲ್ಲಿ ಅವಳ ನಾಲ್ಕು ವರ್ಷದ ಮಗ. ಸಂಜೆ ಎಳ್ಳು ಬೀರುವುದಕ್ಕೆಂದು ಹೆಂಗಸರು ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಹುರಿದು ಸಿಪ್ಪೆ ತೆಗೆದ ಶೇಂಗಾ ಎಲ್ಲವನ್ನೂ ಕಲಸಿ ದೊಡ್ಡ ತಟ್ಟೆಯಲ್ಲಿ ಇಟ್ಟಿದ್ದರು. ಮಗು ಯಾರೂ ನೋಡದಾಗ ಒಂದು ಹಿಡಿ ಬಾಯಿಗೆ ಹಾಕಿಕೊಂಡಿತು. ಹತ್ತು ನಿಮಿಷ ಕಳೆದಿರಲಿಲ್ಲ. ತುಟಿ ಊದಿತು, ಹೊಟ್ಟೆ ಬೆನ್ನುಗಳ ಮೇಲೆ ಪಿತ್ತದ ಗಂಧೆ ಎದ್ದವು, ಕೆಮ್ಮು ಹತ್ತಿತು, ಅಳುವ ಧ್ವನಿಯೇ ಒಡೆದು ಹೋಯಿತು. ಪಕ್ಕದ ಮನೆಯ ಅಜ್ಜಿ ಬಾಗಿಲಲ್ಲಿ ನಿಂತು, “ದೃಷ್ಟಿ ಆಗೈತೆ ಕಣಪ್ಪಾ, ಮೊದ್ಲು ಮೆಣಸಿನಕಾಯಿ ನಿವಾಳಿಸ್ರಿ” ಎಂದರು. ನಾನೇನು ಕಡಿಮೆ ಬುದ್ಧಿವಂತನೆ! “ಪಿತ್ತ ಕೆರಳಿದೆ, ಒಂದು ಲೋಟ ಮಜ್ಜಿಗೆ ಕುಡಿಸಿ, ಇಳಿಯುತ್ತೆ” ಎಂದು ಪಂಡಿತನ ಗತ್ತಿನಲ್ಲಿ ಅಪ್ಪಣೆ ಮಾಡಿದೆ. ಮಗುವಿನ ತಾಯಿ ನಮ್ಮಿಬ್ಬರ ಮಾತನ್ನೂ ಕೇಳಲಿಲ್ಲ. “ಮಾವಾ, ಮೊದಲು ಗಾಡಿ ತೆಗೆಸಿ, ಇವನಿಗೆ ಉಸಿರೇ ಸಿಕ್ತಾ ಇಲ್ಲ” ಎಂದು ಕೂಗಿದಳು.

ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: “ಶೇಂಗಾ ತಿಂದನೇ?” ಉತ್ತರಕ್ಕೂ ಕಾಯದೆ ತೊಡೆಯ ಮಾಂಸಖಂಡಕ್ಕೆ ಒಂದು ಸೂಜಿಮದ್ದು ಹಾಕಿದರು. ಅದು ಅಡ್ರಿನಲಿನ್. ಸ್ವಲ್ಪ ಹೊತ್ತಿನಲ್ಲಿಯೇ ಉಸಿರಾಟ ಸಡಿಲವಾಯಿತು. ಇಂಥ ಪ್ರಕೋಪ ಕೆಲವು ಗಂಟೆಗಳ ಮೇಲೆ ಮತ್ತೊಮ್ಮೆ ಮರುಕಳಿಸುವುದುಂಟು ಎಂದು ಹೇಳಿ ಆ ರಾತ್ರಿ ಮಗುವನ್ನು ಅಲ್ಲಿಯೇ ಇರಿಸಿಕೊಂಡರು. ಹಿಂದೆ ಒಂದೆರಡು ಸಲ ಚಿಕ್ಕಿ ತಿಂದಾಗ ಬಾಯಿ ತುರಿಸುತ್ತದೆ ಎಂದು ಮಗು ಹೇಳಿದ್ದುಂಟಂತೆ; ದೊಡ್ಡವರು ಅದನ್ನು ತಿನ್ನಲಾರದ ಮಗುವಿನ ನೆವವೆಂದು ತಳ್ಳಿಹಾಕಿದ್ದರು.

ನಾನು ಕನ್ನಡ ಪಾಠ ಹೇಳುವವನು, ವೈದ್ಯನಲ್ಲ. ಆದರೆ ಮಜ್ಜಿಗೆ ಕುಡಿಸಲು ಹೊರಟ ನನ್ನ ಅಜ್ಞಾನ ಆ ರಾತ್ರಿ ನನ್ನನ್ನು ನಿದ್ದೆ ಮಾಡಗೊಡಲಿಲ್ಲ. ಅನಂತರ ಬಲ್ಲ ವೈದ್ಯರನ್ನು ಕೇಳಿ, ಪುಸ್ತಕಗಳನ್ನು ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಹಬ್ಬದ ಸಾಲು ಬಂದಾಗ ಪ್ರತಿಯೊಂದು ಮನೆಯಲ್ಲಿಯೂ ಯಾರಾದರೊಬ್ಬರು “ನನಗೆ ಅದು ಆಗಿಬರೋದಿಲ್ಲ” ಎನ್ನುತ್ತಾರೆ. ಆ ಒಂದು ಮಾತಿನ ಹಿಂದೆ ಮೂರು ನಾಲ್ಕು ಬೇರೆ ಬೇರೆ ಸಂಗತಿಗಳು ಅಡಗಿರುತ್ತವೆ. ಅವುಗಳಲ್ಲಿ ಕೆಲವು ಬರಿಯ ಹೊಟ್ಟೆಯುಬ್ಬರ. ಒಂದು ಮಾತ್ರ ಪ್ರಾಣಕ್ಕೆ ಎರವಾಗತಕ್ಕದ್ದು.

ಪದಗಳ ವಿಚಾರ ಬಂದಾಗ ಸುಮ್ಮನಿರುವುದು ನನ್ನ ಕಸುಬಿಗೆ ಒಗ್ಗದು. ಚರಕಸಂಹಿತೆಯಲ್ಲಿ ‘ಸಾತ್ಮ್ಯ’ ಎಂದೊಂದು ಮಾತುಂಟು. ಯಾವುದು ಒಬ್ಬನ ದೇಹಕ್ಕೆ ಹೊಂದುತ್ತದೆಯೋ ಅದು ಅವನಿಗೆ ಸಾತ್ಮ್ಯ, ಹೊಂದದ್ದು ಅಸಾತ್ಮ್ಯ. ಒಬ್ಬನಿಗೆ ಅಮೃತವಾದದ್ದು ಮತ್ತೊಬ್ಬನಿಗೆ ಹೊಂದದೆ ಹೋಗಬಹುದೆಂಬ ತಿಳಿವಳಿಕೆ ನಮ್ಮಲ್ಲಿ ಹಳೆಯದೇ. ಇಂದು ನಾವು ಹೇಳುವ ‘ಅಲರ್ಜಿ’ ಎಂಬ ಪದವನ್ನು ೧೯೦೬ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಎಂಬಾತ ಕಟ್ಟಿದ. ಕನ್ನಡದಲ್ಲಿ ಅದಕ್ಕೆ ‘ಒಗ್ಗದಿಕೆ’ ಎನ್ನುವವರುಂಟು, ‘ಒವ್ವದಿಕೆ’ ಎನ್ನುವವರೂ ಉಂಟು. ತೊಡಕೇನೆಂದರೆ, ಹಾಲು ಅರಗದಿರುವುದನ್ನೂ ಶೇಂಗಾದಿಂದ ಉಸಿರು ಕಟ್ಟುವುದನ್ನೂ ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಈ ಲೇಖನದ ಮಟ್ಟಿಗೆ ಮೊದಲನೆಯದನ್ನು ‘ಅರಗದಿಕೆ’ ಎಂದೂ ಎರಡನೆಯದನ್ನು ‘ಅಲರ್ಜಿ’ ಎಂದೂ ಕರೆಯುತ್ತೇನೆ.

ಅಲರ್ಜಿಯೆಂಬುದು ನಮ್ಮ ದೇಹದ ಕಾವಲುಗಾರರು ಮಾಡುವ ತಪ್ಪು. ರೋಗಾಣುಗಳೊಡನೆ ಹೋರಾಡಲು ರಕ್ತದಲ್ಲಿ ಪ್ರತಿಕಾಯಗಳು ಇರುತ್ತವಷ್ಟೆ. ಅವುಗಳಲ್ಲಿ ಇಮ್ಯೂನೋಗ್ಲಾಬ್ಯುಲಿನ್ ‘ಈ’ ಎಂಬುದೊಂದು ಬಗೆ. ಇದನ್ನು ೧೯೬೦ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿದ್ದ ಜಪಾನಿನ ಇಶಿಝಾಕಾ ದಂಪತಿಗಳೂ ಸ್ವೀಡನ್ನಿನ ಯೋಹಾನ್‌ಸನ್, ಬೆನಿಕ್ ಎಂಬವರೂ ಬೇರೆಬೇರೆಯಾಗಿ ಕಂಡುಹಿಡಿದರು. ಕೆಲವರ ದೇಹ ಶೇಂಗಾದ ಪ್ರೋಟೀನನ್ನು ಮೊದಲು ಕಂಡಾಗ ಅದನ್ನು ವೈರಿಯೆಂದು ಭಾವಿಸಿ ಅದಕ್ಕೆ ತಕ್ಕ ಪ್ರತಿಕಾಯಗಳನ್ನು ತಯಾರಿಸಿಡುತ್ತದೆ. ಅವು ಚರ್ಮ, ಮೂಗು, ಶ್ವಾಸನಾಳ, ಕರುಳುಗಳಲ್ಲಿರುವ ಒಂದು ಜಾತಿಯ ಕಣಗಳ ಮೇಲೆ ಬಂದು ಅಂಟಿಕೊಂಡು ಕಾದಿರುತ್ತವೆ. ಮುಂದಿನ ಸಲ ಅದೇ ಪ್ರೋಟೀನು ಒಳಗೆ ಬಂದೊಡನೆಯೇ ಆ ಕಣಗಳು ಒಡೆದು ಹಿಸ್ಟಮಿನ್ ಮೊದಲಾದ ದ್ರವ್ಯಗಳನ್ನು ಸುರಿಸುತ್ತವೆ. ರಕ್ತನಾಳಗಳು ಹಿಗ್ಗಿ ಸೋರುತ್ತವೆ. ಆದ್ದರಿಂದ ಊತ, ಗಂಧೆ. ಶ್ವಾಸನಾಳ ಬಿಗಿಯುತ್ತದೆ, ಆದ್ದರಿಂದ ಕೆಮ್ಮು, ಏದುಸಿರು. ರಕ್ತದ ಒತ್ತಡ ಕುಸಿದರೆ ಎಚ್ಚರ ತಪ್ಪುತ್ತದೆ. ಮೊದಲ ಸಲ ತಿಂದಾಗ ಏನೂ ಆಗದೆ ಮುಂದೊಂದು ಸಲ ಹೀಗಾಗುವುದು ಏಕೆಂಬುದಕ್ಕೂ ಇದೇ ಉತ್ತರ. ತಿಂದದ್ದು ಎಷ್ಟು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದು ಕಡಿಮೆ. ಒಂದು ಚಿಟಿಕೆ ಶೇಂಗಾ ಪುಡಿಯೂ ಸಾಕಾಗಬಹುದು.

ನಮ್ಮ ಸೀಮೆಯಲ್ಲಿ ಇದು ಎಂಥ ಪೇಚೆಂಬುದನ್ನು ಯೋಚಿಸಿ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಬೆದ್ದಲು ಹೊಲವೆಂದರೆ ಶೇಂಗಾ. ಚಳ್ಳಕೆರೆಗೆ ಹೆಸರು ಬಂದದ್ದೇ ಎಣ್ಣೆ ಗಿರಣಿಗಳಿಂದ. ಒಣಮೆಣಸಿನಕಾಯಿ ಹಾಕಿ ಕುಟ್ಟಿದ ಶೇಂಗಾ ಚಟ್ನಿಪುಡಿ, ಶೇಂಗಾ ಹೋಳಿಗೆ, ಶೇಂಗಾ ಉಂಡೆ, ಪಲ್ಯಕ್ಕೆ ಶೇಂಗಾ ಪುಡಿ, ಚಿತ್ರಾನ್ನಕ್ಕೆ ಶೇಂಗಾ ಬೀಜ: ನಮ್ಮ ಅಡಿಗೆಮನೆಯಲ್ಲಿ ಅದು ಎಲ್ಲಿಲ್ಲವೆಂದು ಕೇಳಬೇಕು. ಎಣ್ಣೆಯ ವಿಚಾರದಲ್ಲಿ ಒಂದು ಸೂಕ್ಷ್ಮವುಂಟು. ಅಲರ್ಜಿ ಮಾಡುವುದು ಪ್ರೋಟೀನು, ಜಿಡ್ಡಲ್ಲ. ಕಾರ್ಖಾನೆಯಲ್ಲಿ ಚೆನ್ನಾಗಿ ಶುದ್ಧಿಮಾಡಿದ ರಿಫೈನ್ಡ್ ಶೇಂಗಾ ಎಣ್ಣೆಯಲ್ಲಿ ಪ್ರೋಟೀನು ಬಹುಮಟ್ಟಿಗೆ ಇರುವುದಿಲ್ಲ; ಗಾಣದ ಎಣ್ಣೆಯಲ್ಲಿ ಸ್ವಲ್ಪ ಉಳಿದಿರುತ್ತದೆ. ಗಾಣದೆಣ್ಣೆ ಉತ್ತಮವೆಂಬ ಮಾತು ಉಳಿದವರಿಗೆ ಹೇಗೇ ಇರಲಿ, ಶೇಂಗಾ ಅಲರ್ಜಿಯಿರುವವರ ಮಟ್ಟಿಗೆ ತಲೆಕೆಳಗಾಗುತ್ತದೆ.

ಹಾಗಾದರೆ ಎಲ್ಲ ಮಕ್ಕಳಿಂದಲೂ ಶೇಂಗಾವನ್ನು ದೂರವಿಡಬೇಕೆ? ಕೂಡದು. ಪಾಶ್ಚಾತ್ಯ ದೇಶಗಳಲ್ಲಿ ಹಿಂದೆ ಹಾಗೆಯೇ ಉಪದೇಶಿಸುತ್ತಿದ್ದರು. ಇಂಗ್ಲೆಂಡಿನ ಯೆಹೂದಿ ಮಕ್ಕಳಲ್ಲಿ ಶೇಂಗಾ ಅಲರ್ಜಿ ಇಸ್ರೇಲಿನ ಯೆಹೂದಿ ಮಕ್ಕಳಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚಾಗಿರುವುದು ಕಂಡುಬಂತು. ಇಸ್ರೇಲಿನಲ್ಲಿ ಎಳೆಯ ಕೂಸುಗಳಿಗೇ ಶೇಂಗಾದ ತಿಂಡಿ ಕೊಡುವ ರೂಢಿಯುಂಟು. ಇದರ ಜಾಡು ಹಿಡಿದು ಲಂಡನ್ನಿನಲ್ಲಿ ೬೪೦ ಕೂಸುಗಳನ್ನು ಐದು ವರ್ಷದವರೆಗೆ ನೋಡಿ ೨೦೧೫ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅಲರ್ಜಿ ಬರುವ ಸಂಭವ ಹೆಚ್ಚಾಗಿದ್ದ ಕೂಸುಗಳಲ್ಲಿಯೂ ಮೊದಲ ವರ್ಷದಿಂದಲೇ ಶೇಂಗಾ ಉಣಿಸಿದವಕ್ಕೆ ಅಲರ್ಜಿ ಬಹಳ ಕಡಿಮೆಯಾಗಿತ್ತು. ಶೇಂಗಾ ಪುಡಿಯನ್ನು ಗಂಜಿಯಲ್ಲಿ ಕಲಸಿ ಕೂಸಿಗೆ ನೆಕ್ಕಿಸುವ ನಮ್ಮ ಅಜ್ಜಿಯರ ಪದ್ಧತಿ ಕೆಟ್ಟದ್ದಾಗಿರಲಿಲ್ಲ. ಆದರೆ ಒಮ್ಮೆ ಅಲರ್ಜಿ ತಲೆದೋರಿದ ಮಗುವಿಗೆ ‘ರೂಢಿಯಾಗಲಿ’ ಎಂದು ಮನೆಯಲ್ಲಿ ಚೂರುಚೂರು ತಿನ್ನಿಸಿ ನೋಡುವುದು ಅಪಾಯಕರ. ಇಡೀ ಬೀಜವನ್ನು ಎಳೆಮಕ್ಕಳಿಗೆ ಕೊಡಕೂಡದೆಂಬುದು ಬೇರೆಯ ಮಾತು. ಅದು ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯ.

ಎಳ್ಳೂ ಅಲರ್ಜಿ ಮಾಡಬಲ್ಲದು. ಪೊಟ್ಟಣದ ಮೇಲೆ ಅಲರ್ಜಿಕಾರಕ ವಸ್ತುಗಳನ್ನು ಮುದ್ರಿಸಬೇಕೆಂದು ನಮ್ಮ ದೇಶದಲ್ಲಿ ೨೦೨೦ರ ನಿಯಮವೊಂದು ವಿಧಿಸಿತು. ಅದರ ಪಟ್ಟಿಯಲ್ಲಿ ಗೋಧಿ ಮೊದಲಾದ ಅಂಟುಳ್ಳ ಧಾನ್ಯಗಳು, ಹಾಲು, ಮೊಟ್ಟೆ, ಮೀನು, ಸಿಗಡಿಯ ಜಾತಿ, ಶೇಂಗಾ ಹಾಗೂ ಗೋಡಂಬಿ ಬಾದಾಮಿಯಂಥ ಬೀಜಗಳು, ಸೋಯಾ ಅವರೆ, ಸಲ್ಫೈಟು ಇವೆ, ಎಳ್ಳು ಇಲ್ಲ. ಅಮೆರಿಕದಲ್ಲಿ ೨೦೨೩ರ ಜನವರಿಯಿಂದ ಎಳ್ಳನ್ನು ಪಟ್ಟಿಗೆ ಸೇರಿಸಿದ್ದಾರೆ. ಎಳ್ಳು ಬೀರುವ ನಾಡಿನ ಪಟ್ಟಿಯಲ್ಲಿ ಎಳ್ಳಿಲ್ಲದಿರುವುದು ನನಗೆ ವಿಚಿತ್ರವೆನಿಸುತ್ತದೆ. ಆದ್ದರಿಂದ ಎಳ್ಳಿನ ವಿಚಾರದಲ್ಲಿ ‘ಅಲರ್ಜಿ’ ಎಂಬ ಸಾಲನ್ನಷ್ಟೇ ನಂಬದೆ ಸಾಮಗ್ರಿಗಳ ಪೂರ್ತಿ ಪಟ್ಟಿಯನ್ನು ಓದಬೇಕು.

ಇನ್ನು ಹಾಲಿನ ವಿಚಾರ. ಇದು ಬಹಳ ಮನೆಗಳ ಅನುಭವ. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆಯಿದೆ. ಒಂದು ಲೋಟ, ಎಂದರೆ ೨೦೦ ಮಿಲಿಲೀಟರ್ ಹಾಲಿನಲ್ಲಿ ಸುಮಾರು ೧೦ ಗ್ರಾಮು. ಅದನ್ನು ಒಡೆದು ಅರಗಿಸುವ ಕಿಣ್ವ ಎಲ್ಲ ಕೂಸುಗಳ ಸಣ್ಣಕರುಳಿನಲ್ಲಿಯೂ ಇರುತ್ತದೆ. ಮೊಲೆಹಾಲು ಬಿಟ್ಟ ಮೇಲೆ ಬಹಳ ಜನರಲ್ಲಿ ಅದು ಕ್ರಮೇಣ ತಗ್ಗುತ್ತದೆ. ಭಾರತದಲ್ಲಿ ವಾಯವ್ಯ ಭಾಗದವರಲ್ಲಿ ಈ ಕಿಣ್ವ ದೊಡ್ಡವರಾದ ಮೇಲೂ ಉಳಿಯುವುದು ಹೆಚ್ಚು, ದಕ್ಷಿಣದವರಲ್ಲಿ ಕಡಿಮೆ. ಅರಗದ ಲ್ಯಾಕ್ಟೋಸು ದೊಡ್ಡಕರುಳಿಗೆ ಇಳಿದಾಗ ಅಲ್ಲಿನ ಸೂಕ್ಷ್ಮಾಣುಗಳು ಅದನ್ನು ಹುಳಿಸುತ್ತವೆ. ಹೊಟ್ಟೆ ಗುಡುಗುಡು ಎನ್ನುತ್ತದೆ, ಉಬ್ಬುತ್ತದೆ, ಭೇದಿಯಾಗುತ್ತದೆ. ಕಷ್ಟವಾದರೂ ಪ್ರಾಣಭಯವಿಲ್ಲ. ಇಲ್ಲಿ ಎಲ್ಲವೂ ಅಳತೆಯ ಮೇಲೆ ನಿಂತಿದೆ. ಕಿಣ್ವ ಕಡಿಮೆಯಿರುವ ಬಹುಮಂದಿ ಊಟದ ಜೊತೆಗೆ ಒಂದು ಲೋಟ ಹಾಲನ್ನು ತಡೆದುಕೊಳ್ಳಬಲ್ಲರು. ಹಬ್ಬದ ದಿವಸ ಮಾತ್ರ ಬೆಳಗಿನ ಕಾಫಿ, ಶಾವಿಗೆ ಪಾಯಸ, ಹೋಳಿಗೆಯ ಮೇಲೆ ಹಾಲು, ಸಂಜೆಗೆ ಪೇಡೆ ಎಲ್ಲವೂ ಸೇರಿ ಲೆಕ್ಕ ಮೀರುತ್ತದೆ. ಖೋವಾ ಎಂಬುದು ಹಾಲನ್ನು ಬತ್ತಿಸಿದ್ದು. ನೀರು ಹೋಯಿತೇ ಹೊರತು ಲ್ಯಾಕ್ಟೋಸು ಹೋಗಲಿಲ್ಲ. ಎರಡು ಪೇಡೆಯಲ್ಲಿ ಎಷ್ಟು ಹಾಲು ಅಡಗಿದೆಯೆಂಬುದು ಕಣ್ಣಿಗೆ ಕಾಣುವುದಿಲ್ಲ. ಚೆನ್ನಾಗಿ ಹೆಪ್ಪಾದ ಮೊಸರು, ಮಜ್ಜಿಗೆಗಳಲ್ಲಿ ಸೂಕ್ಷ್ಮಾಣುಗಳೇ ಅದನ್ನು ಒಂದಷ್ಟು ಒಡೆದಿರುವುದರಿಂದ ಅವು ಹಗುರ. ತುಪ್ಪದಲ್ಲಿ ಅದು ಇಲ್ಲವೆಂದೇ ಹೇಳಬಹುದು.

ಕುರಿ ಆಡುಗಳ ಸೀಮೆಯಾದ ನಮ್ಮಲ್ಲಿ ‘ಹಸುವಿನ ಹಾಲು ಆಗದಿದ್ದರೆ ಆಡಿನ ಹಾಲು ಕೊಡಿ’ ಎಂಬ ಮಾತು ಹಟ್ಟಿಹಟ್ಟಿಯಲ್ಲಿ ಕೇಳಿಬರುತ್ತದೆ. ಅದು ಸರಿಯಲ್ಲ. ಆಡಿನ ಹಾಲಿನಲ್ಲಿಯೂ ಲ್ಯಾಕ್ಟೋಸು ಹೆಚ್ಚುಕಡಿಮೆ ಅಷ್ಟೇ ಇದೆ. ಹಾಲಿನ ಪ್ರೋಟೀನಿಗೇ ಅಲರ್ಜಿಯಿರುವ ಕೂಸುಗಳಂತೂ ಹಸುವಿನ ಹಾಲಿಗೆ ಹೇಗೋ ಆಡಿನ ಹಾಲಿಗೂ ಬಹುಮಟ್ಟಿಗೆ ಹಾಗೆಯೇ ಕೆರಳುತ್ತವೆ. ಅವಕ್ಕೆ ಮೊಸರು ಮಜ್ಜಿಗೆಗಳೂ ಸಲ್ಲವು. ಹಬ್ಬಕ್ಕೆ ಸಿಹಿ ಬೇಕಷ್ಟೆ? ಗಸಗಸೆ ಪಾಯಸ ಮಾಡಿ. ಗಸಗಸೆ, ಅಕ್ಕಿ, ಕಾಯಿ, ಬೆಲ್ಲಗಳಲ್ಲಿ ಹಾಲಿನ ತೊಟ್ಟೂ ಇಲ್ಲ. ಶಾವಿಗೆಗೆ ಕಾಯಿಹಾಲು ಹಿಂಡಿ ಕೊಡುವುದು ನಮ್ಮ ಹೆಂಗಸರಿಗೆ ಹೊಸದೇನಲ್ಲ.

ಹೋಳಿಗೆಯ ಊಟದ ಮೇಲೆ ಹೊಟ್ಟೆಯುಬ್ಬುವುದಕ್ಕೆ ಬೇಳೆಯೂ ಕಾರಣ. ತೊಗರಿ, ಕಡಲೆಗಳಲ್ಲಿ ರ್ಯಾಫಿನೋಸ್ ಮೊದಲಾದ ಸಕ್ಕರೆಗಳುಂಟು; ಅವನ್ನು ಒಡೆಯುವ ಕಿಣ್ವ ಮನುಷ್ಯಮಾತ್ರದವನಿಗೆ ಯಾರಿಗೂ ಇಲ್ಲ. ಅವು ನೀರಿನಲ್ಲಿ ಕರಗತಕ್ಕವು. ಬೇಳೆ ಬೇಯಿಸಿ ಬಸಿದ ಕಟ್ಟಿನಲ್ಲಿ ಅವುಗಳ ಪಾಲು ಇಳಿದಿರುತ್ತದೆ. ಆ ಕಟ್ಟಿನಿಂದಲೇ ನಾವು ಹೋಳಿಗೆ ಸಾರು ಮಾಡಿ ಸುರಿದುಕೊಳ್ಳುತ್ತೇವೆ. ಹೋಳಿಗೆ ಸಾರನ್ನು ಬಿಡಿ ಎಂದು ಹೇಳುವಷ್ಟು ಕಲ್ಲೆದೆ ನನಗಿಲ್ಲ. ಆದರೆ ವಾಯು ಕಾಡುವವರು ಬೇಳೆಯನ್ನು ನೆನೆಹಾಕಿ ಆ ನೀರನ್ನು ಚೆಲ್ಲಿ ಬೇಯಿಸಿದರೆ, ಸಾರು ಸ್ವಲ್ಪ ಕಡಿಮೆ ಉಂಡರೆ, ವ್ಯತ್ಯಾಸ ತಿಳಿಯುತ್ತದೆ. ಈರುಳ್ಳಿ ಬೆಳ್ಳುಳ್ಳಿಗಳಲ್ಲಿಯೂ ಇದೇ ತರಹದ ಅರಗದ ಸಕ್ಕರೆಯುಂಟು. ಗೌರಸಮುದ್ರದ ಮಾರಮ್ಮನ ಜಾತ್ರೆಯಲ್ಲಿ ಭಕ್ತರು ಈರುಳ್ಳಿಯನ್ನು ದೇವಿಗೆ ಎರಚುತ್ತಾರೆ. ಈರುಳ್ಳಿ ಒಗ್ಗದ ನಮ್ಮ ಉಪಾಧ್ಯಾಯಮಿತ್ರರೊಬ್ಬರು, “ನನ್ನ ಪಾಲಿನದನ್ನೆಲ್ಲ ಅಲ್ಲೇ ಒಪ್ಪಿಸಿ ಬರುತ್ತೇನೆ” ಎಂದು ನಗಿಸುವುದುಂಟು.

ಗೋಧಿಯ ಕಥೆ ಇವೆಲ್ಲಕ್ಕಿಂತ ಬೇರೆ. ಸೀಲಿಯಾಕ್ ಎಂಬ ರೋಗವಿರುವವರಲ್ಲಿ ಗೋಧಿಯ ಅಂಟು, ಎಂದರೆ ಗ್ಲೂಟೆನ್, ಒಳಗೆ ಹೋದಾಗ ದೇಹವು ತನ್ನದೇ ಸಣ್ಣಕರುಳಿನ ಒಳಪದರವನ್ನು ಕೆಡಿಸಿಕೊಳ್ಳುತ್ತದೆ. ಮಕ್ಕಳು ಸೊರಗುತ್ತಾರೆ, ರಕ್ತಹೀನತೆ ಬರುತ್ತದೆ, ಎತ್ತರ ಬೆಳೆಯುವುದು ನಿಲ್ಲುತ್ತದೆ. ಇದಕ್ಕೆ ಗೋಧಿ ಕಾರಣವೆಂಬುದನ್ನು ಸ್ಥಾಪಿಸಿದವನು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. ಯುದ್ಧಕಾಲದ ೧೯೪೪-೪೫ರ ಚಳಿಗಾಲದಲ್ಲಿ ಆ ದೇಶದಲ್ಲಿ ಭೀಕರ ಕ್ಷಾಮ ಬಿದ್ದು ಬ್ರೆಡ್ಡೇ ಸಿಗದಾಯಿತು. ಊರಿಗೆಲ್ಲ ಸಂಕಟವಾದ ಆ ದಿನಗಳಲ್ಲಿ ಈ ರೋಗದ ಮಕ್ಕಳು ಮಾತ್ರ ಚೇತರಿಸಿಕೊಂಡವು; ಬ್ರೆಡ್ಡು ಮರಳಿ ಬಂದಾಗ ಮತ್ತೆ ಕಾಯಿಲೆ ಬಿದ್ದವು. ಮೊದಲಿಂದಲೂ ಗೋಧಿಯ ಮೇಲೆ ಸಂಶಯವಿದ್ದ ಡಿಕ್ಕೆ ೧೯೫೦ರಲ್ಲಿ ತನ್ನ ಪ್ರಬಂಧವನ್ನು ಬರೆದ.

ರಾಗಿಮುದ್ದೆ, ನವಣೆ ಅನ್ನ, ಸಜ್ಜೆರೊಟ್ಟಿ, ಜೋಳದರೊಟ್ಟಿಗಳ ನಮ್ಮ ಬಯಲುಸೀಮೆಯ ದಿನನಿತ್ಯದ ಊಟದಲ್ಲಿ ಈ ಅಂಟು ಇಲ್ಲವೇ ಇಲ್ಲ. ಹಬ್ಬ ಬಂದಾಗಲೇ ಅದು ಒಳಗೆ ಬರುವುದು. ಹೋಳಿಗೆಯ ಕಣಕಕ್ಕೆ ಮೈದಾ ಹಿಟ್ಟು. ಕೇಸರಿಬಾತು ಉಪ್ಪಿಟ್ಟುಗಳಿಗೆ ರವೆ. ಜೊತೆಗೆ ಚಿರೋಟಿ, ಶಾವಿಗೆ. ರವೆಯೂ ಗೋಧಿಯೇ ಎಂಬುದು ಎಷ್ಟೋ ಮನೆಗಳಲ್ಲಿ ಹೊಳೆಯುವುದಿಲ್ಲ. “ಗೋಧಿ ಮುಟ್ಟಿಲ್ಲ ಸಾರ್, ಬರೀ ಉಪ್ಪಿಟ್ಟು ತಿಂದ” ಎಂದು ಒಬ್ಬ ತಂದೆ ನನ್ನೆದುರಿಗೇ ಹೇಳಿದ್ದುಂಟು. ಇನ್ನೂ ಗೂಢವಾದದ್ದು ಇಂಗು. ಅಂಗಡಿಯಲ್ಲಿ ಸಿಗುವ ಇಂಗು ಬರಿಯ ಇಂಗಲ್ಲ. ಅಪ್ಪಟ ಇಂಗಿನ ಘಾಟನ್ನು ತಗ್ಗಿಸುವುದಕ್ಕೆ ಗೋಂದು, ಮೈದಾ ಅಥವಾ ಅಕ್ಕಿಹಿಟ್ಟು ಬೆರೆಸಿರುತ್ತಾರೆ. ಡಬ್ಬಿಯ ಮೇಲಿನ ಸಣ್ಣಕ್ಷರಗಳನ್ನು ಓದಿ ಅಕ್ಕಿಹಿಟ್ಟಿನದನ್ನೇ ಆರಿಸಿಕೊಳ್ಳಬೇಕು. ಇಂಥವರಿಗಾಗಿ ನವಣೆಯ ತಂಬಿಟ್ಟು, ಅಕ್ಕಿಹಿಟ್ಟಿನ ಕಡುಬು ಇವೆ. ಹೂರಣವನ್ನೇ ಉಂಡೆ ಕಟ್ಟಿ ಕೊಟ್ಟರೂ ಆಯಿತು. ಮೈದಾ ಉದುರಿಸಿ ಲಟ್ಟಿಸಿದ ಮಣೆಯ ಮೇಲೆ, ಅದೇ ಹಂಚಿನಲ್ಲಿ ಮಾತ್ರ ಮಾಡಕೂಡದು; ಮೊದಲು ಅವರದನ್ನು ಮಾಡಿ ಮುಚ್ಚಿಟ್ಟು, ಅನಂತರ ಉಳಿದವರದು. ಒಂದು ಎಚ್ಚರಿಕೆ: ಸಂಶಯ ಬಂತೆಂದು ರಕ್ತಪರೀಕ್ಷೆಗೆ ಮುಂಚೆಯೇ ಗೋಧಿ ಬಿಟ್ಟುಬಿಟ್ಟರೆ ಪರೀಕ್ಷೆಯಲ್ಲಿ ರೋಗ ಸಿಕ್ಕದೆ ಹೋಗುತ್ತದೆ. ಪರೀಕ್ಷೆ ಮೊದಲು, ಪಥ್ಯ ಆಮೇಲೆ.

ಇಷ್ಟು ದೇವರು ಕೊಟ್ಟ ಪದಾರ್ಥಗಳ ಮಾತಾಯಿತು. ಮನುಷ್ಯ ಬೆರೆಸಿದ್ದರ ವಿಚಾರಕ್ಕೆ ಬರೋಣ. ಫಾಲ್ಗುಣ ಮಾಸದಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಜಾತ್ರೆ. ಕೊಬ್ಬರಿ ಸುಡುವ ಹೊಗೆಯ ನಡುವೆ ಬೆಂಡು ಬತ್ತಾಸು, ಮಂಡಕ್ಕಿ, ಖಾರದ ಅಂಗಡಿಗಳು ಸಾಲುಗಟ್ಟಿ ನಿಂತಿರುತ್ತವೆ. ನನ್ನ ಬಾಲ್ಯದಲ್ಲಿ ಮಿಠಾಯಿಯ ಬಣ್ಣವನ್ನು ನೋಡಿಯೇ ಬಾಯಲ್ಲಿ ನೀರೂರುತ್ತಿತ್ತು. ಮೂರು ದಿನ ನಾಲಗೆ ಕೆಂಪಾಗಿದ್ದರೆ ಅದೇ ಒಂದು ಹೆಮ್ಮೆ. ಈಗ ಆ ಬಣ್ಣವನ್ನು ಕಂಡರೆ ದಿಗಿಲಾಗುತ್ತದೆ. ೨೦೨೪ರ ಮಾರ್ಚ್ ೧೧ರಂದು ಕರ್ನಾಟಕ ಸರ್ಕಾರ ಬಣ್ಣದ ಬೊಂಬಾಯಿ ಮಿಠಾಯಿಯನ್ನೂ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ನಿಷೇಧಿಸಿತು. ಅದಕ್ಕೆ ಮುಂಚೆ ಪರೀಕ್ಷಿಸಿದ ಗೋಬಿ ಮಂಚೂರಿಯ ೧೭೧ ಮಾದರಿಗಳಲ್ಲಿ ೧೦೭ ಅಸುರಕ್ಷಿತ. ಬೊಂಬಾಯಿ ಮಿಠಾಯಿಯ ೨೫ರಲ್ಲಿ ೧೫ ಅಸುರಕ್ಷಿತ. ಮಿಠಾಯಿಯಲ್ಲಿ ಸಿಕ್ಕಿದ ರೋಡಮೈನ್-ಬಿ ಎಂಬುದು ಬಟ್ಟೆಗೂ ಕಾಗದಕ್ಕೂ ಹಾಕುವ ಗುಲಾಬಿ ಬಣ್ಣ. ಯಾವ ತಿನಿಸಿಗೂ ಅದು ಸಲ್ಲದು. ಅದೇ ಜೂನ್ ತಿಂಗಳಲ್ಲಿ ಕಬಾಬಿನ ಬಣ್ಣಕ್ಕೂ ನಿಷೇಧ ಬಂತು. ಬಣ್ಣ ಹಾಕದ ಬಿಳಿಯ ಮಿಠಾಯಿಗೆ ಅಡ್ಡಿಯಿಲ್ಲ.

ಕಾನೂನು ಒಪ್ಪಿದ ಬಣ್ಣಗಳೂ ಇವೆ. ನಮ್ಮ ದೇಶದಲ್ಲಿ ಎಂಟು ಕೃತಕ ಬಣ್ಣಗಳಿಗೆ ಅನುಮತಿಯುಂಟು. ಸಿಹಿತಿಂಡಿಗಳಲ್ಲಿ ಕಿಲೋಗ್ರಾಮಿಗೆ ೧೦೦ ಮಿಲಿಗ್ರಾಮು ಮೀರಬಾರದು. ಅಡಿಗೆಯವನು ಚಿಟಿಕೆಯಲ್ಲಿ ಅಳೆಯುವಾಗ ಮಿಲಿಗ್ರಾಮು ಎಲ್ಲಿ ಉಳಿಯಬೇಕು! ಇವುಗಳಲ್ಲಿ ಹಳದಿಯ ಟಾರ್ಟ್ರಜೀನ್ ಕೆಲವೇ ಕೆಲವರಿಗೆ ಗಂಧೆಯನ್ನೋ ಉಬ್ಬಸವನ್ನೋ ತರುತ್ತದೆ. ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಕೆಲವು ಬಣ್ಣಗಳನ್ನು ಸೋಡಿಯಂ ಬೆಂಜೋಯೇಟಿನೊಡನೆ ಕುಡಿಸಿ ಮಕ್ಕಳ ನಡವಳಿಕೆಯನ್ನು ಗಮನಿಸಿ ೨೦೦೭ರಲ್ಲಿ ಪ್ರಕಟಿಸಿದರು. ಕೆಲವು ಮಕ್ಕಳ ಚಡಪಡಿಕೆ ಹೆಚ್ಚಿತ್ತು. ೨೦೧೦ರ ಜುಲೈಯಿಂದ ಯೂರೋಪಿನಲ್ಲಿ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೊ, ಕಾರ್ಮೊಯ್ಸಿನ್ ಸೇರಿದಂತೆ ಆರು ಬಣ್ಣಗಳಿಗೆ ಎಚ್ಚರಿಕೆಯ ಮಾತು ಮುದ್ರಿಸಬೇಕಾಯಿತು. ನಮ್ಮ ಕೇಸರಿಬಾತಿಗೆ ಆ ಹೆಸರು ಬಂದದ್ದು ಕೇಸರಿಯ ದಳದಿಂದ. ಈಗ ಕೇಸರಿ ಹೋಗಿ ಪುಡಿ ಉಳಿದಿದೆ, ಹೆಸರು ಮಾತ್ರ ಹಾಗೆಯೇ ಇದೆ. ಅರಿಶಿನ ಚಿಟಿಕೆ ಹಾಕಿದ ಹೋಳಿಗೆಗಿಂತ ಹೆಚ್ಚಿನ ಬಣ್ಣ ಯಾರಿಗೆ ಬೇಕಾಗಿದೆಯೋ ಕಾಣೆ.

ಅನುಮತಿಯಿಲ್ಲದ ಇನ್ನೊಂದು ಹಳದಿ ಮೆಟಾನಿಲ್ ಯೆಲ್ಲೊ. ಬೇಳೆಗೂ ಲಾಡುವಿಗೂ ಅರಿಶಿನಕ್ಕೂ ಬೆರೆಸುತ್ತಾರೆ. ನಮ್ಮ ಶಾಲೆಯ ವಿಜ್ಞಾನದ ಉಪಾಧ್ಯಾಯರು ಒಂದು ಜಾತ್ರೆಯ ಮರುದಿನ ಮಕ್ಕಳು ತಂದ ಲಾಡುವಿನ ಪುಡಿಯನ್ನು ನೀರಿನಲ್ಲಿ ಕಲಸಿ ಹೈಡ್ರೋಕ್ಲೋರಿಕ್ ಆಮ್ಲದ ಕೆಲವು ಹನಿ ಬಿಟ್ಟರು. ಹಳದಿ ನೀರು ಗುಲಾಬಿಗೆ ತಿರುಗಿತು. ಅರಿಶಿನವೂ ಆಮ್ಲಕ್ಕೆ ಕೆಂಪಾಗುತ್ತದಲ್ಲ ಎಂದು ಒಬ್ಬ ಹುಡುಗ ಕೇಳಿದ, ಜಾಣ. ಉಪಾಧ್ಯಾಯರು ಇನ್ನಷ್ಟು ನೀರು ಸುರಿದರು. ಅರಿಶಿನದ್ದಾದರೆ ಆ ಬಣ್ಣ ಮಾಯವಾಗಬೇಕು, ಅದು ಹೋಗಲಿಲ್ಲ. ತರಗತಿಯೇ ಸ್ತಬ್ಧವಾಯಿತು, ಅರ್ಧ ತರಗತಿ ಆ ಲಾಡು ತಿಂದಿತ್ತು. ಈ ಆಮ್ಲ ಮನೆಯಲ್ಲಿ ಇಡತಕ್ಕ ವಸ್ತುವಲ್ಲ, ಶಾಲೆಯಲ್ಲಿ ಮಾಡಿ ತೋರಿಸತಕ್ಕದ್ದು. ಸಂಶಯ ಬಂದರೆ ಆಹಾರ ಸುರಕ್ಷತಾಧಿಕಾರಿಗೆ ಬರೆದುಕೊಡಬಹುದು. ೧೯೫೪ರ ಕಲಬೆರಕೆ ತಡೆ ಕಾಯಿದೆ ಹೋಗಿ ಅದರ ಸ್ಥಾನದಲ್ಲಿ ೨೦೦೬ರ ಕಾಯಿದೆ ೨೦೧೧ರ ಆಗಸ್ಟ್ ೫ರಿಂದ ಜಾರಿಯಲ್ಲಿದೆ.

ಬೆಲ್ಲದ ಬಗ್ಗೆಯೂ ಒಂದು ಮಾತು. ಹೊನ್ನಿನ ಬಣ್ಣದ ಬೆಲ್ಲವನ್ನೇ ಜನ ಕೇಳುತ್ತಾರೆಂದು ಕೆಲವು ಆಲೆಮನೆಗಳಲ್ಲಿ ಕಬ್ಬಿನ ಹಾಲಿಗೆ ‘ಹೈಡ್ರೋಸ್’ ಎಂಬ ಪುಡಿ ಹಾಕುತ್ತಾರೆ. ಅದರಿಂದ ಬೆಲ್ಲದಲ್ಲಿ ಗಂಧಕದ ಅಂಶ, ಎಂದರೆ ಸಲ್ಫೈಟು, ಉಳಿಯುತ್ತದೆ. ಹಳದಿಯಾಗಿ ಹೊಳೆಯುವ ಒಣದ್ರಾಕ್ಷಿಗೂ ಗಂಧಕದ ಹೊಗೆ ಕೊಟ್ಟಿರುತ್ತಾರೆ. ಆರೋಗ್ಯವಂತರಿಗೆ ಇದು ತಿಳಿಯುವುದೇ ಇಲ್ಲ. ಉಬ್ಬಸದ ರೋಗಿಗಳಲ್ಲಿ ಕೆಲವರಿಗೆ ಮಾತ್ರ ಸಲ್ಫೈಟು ಎದೆಯನ್ನು ಬಿಗಿಸುತ್ತದೆ. ಯುಗಾದಿಯ ಬೇವುಬೆಲ್ಲ ತಿಂದೊಡನೆ ಕೆಮ್ಮು ಬಂದರೆ ಬೇವನ್ನು ಬೈಯುವುದಕ್ಕೆ ಮುಂಚೆ ಬೆಲ್ಲವನ್ನು ನೋಡಿ. ಕಪ್ಪು ಬೆಲ್ಲ, ಕಪ್ಪು ದ್ರಾಕ್ಷಿ ಅಂಥವರಿಗೆ ಮೇಲು. ಇನ್ನು ಬಹಳ ಜನ ಹೆದರುವ ಅಜಿನೊಮೊಟೊ. ೧೯೦೮ರಲ್ಲಿ ಜಪಾನಿನ ಇಕೆಡಾ ಎಂಬ ರಸಾಯನಶಾಸ್ತ್ರಜ್ಞ ಕಡಲಪಾಚಿಯಿಂದ ತೆಗೆದ ರುಚಿ ಅದು. ಅದರಿಂದ ತಲೆನೋವು ಬರುತ್ತದೆಂಬ ಮಾತು ೧೯೬೮ರ ಒಂದು ಪತ್ರದಿಂದ ಹಬ್ಬಿತು. ಆಮೇಲಿನ ಪರೀಕ್ಷೆಗಳಲ್ಲಿ ಅದು ಗಟ್ಟಿಯಾಗಿ ನಿಲ್ಲಲಿಲ್ಲ. ನನ್ನ ಭಯವೆಲ್ಲ ಗೋಬಿಯ ಬಣ್ಣದ ಮೇಲೆಯೇ.

ಯಾವುದು ಒಗ್ಗದೆಂದು ಕಂಡುಹಿಡಿಯುವುದು ಹೇಗೆ? ಒಂದು ನೋಟ್‌ಬುಕ್ಕು ಸಾಕು. ಏನು ತಿಂದದ್ದು, ಎಷ್ಟು, ಎಷ್ಟು ಹೊತ್ತಿಗೆ ಏನಾಯಿತು ಎಂದು ಬರೆದಿಡಿ. ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಗಂಧೆ, ಊತ, ವಾಂತಿ ಬಂದರೆ ಅಲರ್ಜಿಯ ಸಂಶಯ; ಕೆಲವು ಗಂಟೆಗಳ ಮೇಲೆ ಬರಿಯ ಹೊಟ್ಟೆಯ ತೊಂದರೆಯಾದರೆ ಅರಗದಿಕೆ; ಒಂದೇ ಪಂಕ್ತಿಯಲ್ಲಿ ಉಂಡ ಹತ್ತು ಜನಕ್ಕೂ ಭೇದಿಯಾದರೆ ಅದು ಒಗ್ಗದಿಕೆಯಲ್ಲ, ಅಡಿಗೆ ಕೆಟ್ಟಿತ್ತು. ಆ ಪುಸ್ತಕವನ್ನು ವೈದ್ಯರಿಗೆ ತೋರಿಸಿ. ನೂರಾರು ಪದಾರ್ಥಗಳಿಗೆ ಒಂದೇ ರಕ್ತದಲ್ಲಿ ‘ಒಗ್ಗದಿಕೆ’ ಹೇಳುತ್ತೇವೆಂದು ಇಮ್ಯೂನೋಗ್ಲಾಬ್ಯುಲಿನ್ ‘ಜಿ’ ಅಳೆದು ದುಬಾರಿ ಪಟ್ಟಿ ಕೊಡುವವರುಂಟು. ಅಲರ್ಜಿ ತಜ್ಞರು ಅದನ್ನು ಒಪ್ಪುವುದಿಲ್ಲ. ಅದು ನೀವು ಏನು ತಿಂದಿದ್ದೀರೆಂದು ಹೇಳೀತೇ ಹೊರತು ಏನು ಆಗದೆಂದು ಹೇಳದು.

ಉಸಿರು ಬಿಗಿದಾಗ, ಧ್ವನಿ ಒಡೆದಾಗ, ಮೈ ತಣ್ಣಗಾಗಿ ತಲೆಸುತ್ತು ಬಂದಾಗ ಮನೆಮದ್ದಿಗೆ ಹೊತ್ತಿಲ್ಲ. ೧೦೮ಕ್ಕೆ ಕರೆಮಾಡಿ. ರ���ಗಿಯನ್ನು ಮಲಗಿಸಿ ಕಾಲನ್ನು ಎತ್ತರಕ್ಕೆ ಇಡಿ. ಉಸಿರಿಗೆ ಕಷ್ಟವಾದರೆ ಒರಗಿ ಕೂರಿಸಿ. ನಡೆಸಬೇಡಿ, ಬಲವಂತದಿಂದ ವಾಂತಿ ಮಾಡಿಸಬೇಡಿ, ನನ್ನಂತೆ ಮಜ್ಜಿಗೆ ಕುಡಿಸಹೋಗಬೇಡಿ. ತುರಿಕೆಯ ಮಾತ್ರೆ ಗಂಧೆಯನ್ನು ಇಳಿಸಬಹುದು, ಪ್ರಾಣವನ್ನು ಉಳಿಸಲಾರದು. ಅದಕ್ಕಿರುವ ಮದ್ದು ಅಡ್ರಿನಲಿನ್; ಆಸ್ಪತ್ರೆಯ ಬಾಗಿಲಲ್ಲಿಯೇ “ಶೇಂಗಾ ತಿಂದು ಉಸಿರು ಕಟ್ಟಿದೆ” ಎಂದು ಕಾರಣವನ್ನು ಸೇರಿಸಿ ಹೇಳಬೇಕು.

ಕೊನೆಯದಾಗಿ, ಹೇಳಲು ಎಲ್ಲಕ್ಕಿಂತ ಕಷ್ಟವಾದ ಸಂಗತಿ ನಮ್ಮ ಉಪಚಾರ. ಎಲೆಯ ಮುಂದೆ ನಿಂತು “ಒಂದೇ ಒಂದು, ನನ್ನಾಣೆ” ಎಂದು ಹೋಳಿಗೆ ಹಾಕುವುದು ನಮ್ಮಲ್ಲಿ ಪ್ರೀತಿಯ ಗುರುತು. ಬೇಡವೆನ್ನುವವರು ಮುನಿಸಿನವರೆಂದೋ ಜಂಬದವರೆಂದೋ ಹೆಸರು ಪಡೆಯುತ್ತಾರೆ. ನಾನು ಬಲ್ಲ ಒಂದು ಮನೆಯಲ್ಲಿ ಹೊಸ ಸೊಸೆ ಹಾಲಿನ ಪಾಯಸ ಮುಟ್ಟಲಿಲ್ಲವೆಂದು ಅತ್ತೆಯವರು ಆರು ತಿಂಗಳು ಮಾತು ಬಿಟ್ಟಿದ್ದರು. ಆ ಹುಡುಗಿ ಮದುವೆಯ ವಾರವೆಲ್ಲ ಎಲ್ಲರೂ ಕೊಟ್ಟದ್ದನ್ನು ಕುಡಿದು ನರಳಿದ್ದಳು, ಹೇಳಲು ನಾಚಿದ್ದಳು. ಕರೆಯಲು ಹೋದಾಗಲೇ “ನಿಮ್ಮಲ್ಲಿ ಯಾರಿಗಾದರೂ ಏನಾದರೂ ಆಗದೇನಮ್ಮ?” ಎಂದು ಕೇಳಿಬಿಟ್ಟರೆ ಈ ಮುಜುಗರವೇ ಇಲ್ಲ. ಪ್ರಸಾದದ ವಿಚಾರದಲ್ಲಿ ಅನೇಕರು ಅಳುಕುತ್ತಾರೆ. ಕೈಯೊಡ್ಡಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಪಕ್ಕದಲ್ಲಿರುವ ದೊಡ್ಡವರ ಕೈಗೆ ಕೊಡುವುದನ್ನು ಮಕ್ಕಳಿಗೆ ಕಲಿಸಬಹುದು. ಅದರಲ್ಲಿ ಅಪಚಾರವೇನೂ ಇಲ್ಲ. ಮಗು ಓದುವ ಶಾಲೆಗೂ ಒಂದು ಚೀಟಿ ಬರೆದುಕೊಡಬೇಕು. ಮೊಟ್ಟೆ ತಿನ್ನದ ಮಕ್ಕಳಿಗೆ ಶಾಲೆಗಳಲ್ಲಿ ಬಾಳೆಹಣ್ಣನ್ನೋ ಶೇಂಗಾ ಚಿಕ್ಕಿಯನ್ನೋ ಹಂಚುತ್ತಿದ್ದ ವರ್ಷಗಳಲ್ಲಿ ನಾವು ಉಪಾಧ್ಯಾಯರು ಯಾರಿಗೆ ಯಾವುದು ಆಗದೆಂದು ಕೇಳಿದವರಲ್ಲ.

ನನ್ನ ತಂಗಿಯ ಮೊಮ್ಮಗನಿಗೆ ಬೆಂಗಳೂರಿನಲ್ಲಿ ಚರ್ಮದ ಪರೀಕ್ಷೆ ಮಾಡಿದರು. ಅವನಿಗೆ ಆಗದ್ದು ಶೇಂಗಾ ಒಂದೇ. ಎಳ್ಳು, ಕಡಲೆ, ಕೊಬ್ಬರಿ ನಿರಪಾಯ. ಈ ಸಲದ ಸಂಕ್ರಾಂತಿಗೆ ನಮ್ಮ ಮನೆಯ ಎಳ್ಳಿಗೆ ಯಾರೂ ಶೇಂಗಾ ಬೆರೆಸಲಿಲ್ಲ. ಎಳ್ಳು ಹುರಿಯುವುದಕ್ಕೆ ಹೊಸ ಬಾಣಲೆ ಬಂತು. ಬೇರೆ ಮನೆಗಳಿಂದ ಬಂದ ಪೊಟ್ಟಣಗಳನ್ನು ನನ್ನ ತಂಗಿ ಅಟ್ಟದ ಮೇಲಿನ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದಳು. ಹುಡುಗ ಹೊಸ ಅಂಗಿ ತೊಟ್ಟು ತಟ್ಟೆ ಹಿಡಿದು ಬೀದಿಯ ಮನೆಮನೆಗೂ ಎಳ್ಳು ಬೀರಿ ಬಂದ. ಪಕ್ಕದ ಮನೆಯ ಅಜ್ಜಿ ಅವನ ಕೈಗೆ ಏನನ್ನೋ ಕೊಡಲು ಹೋಗಿ, ತಡೆದು, “ಇದ್ರಾಗೆ ಶೇಂಗಾ ಐತೇನೋ, ತಡಿಯಪ್ಪಾ” ಎಂದು ಒಳಗೆ ಹೋಗಿ ಒಂದು ಬಾಳೆಹಣ್ಣು ತಂದುಕೊಟ್ಟರಂತೆ.